ಗೆದ್ದರೆ ನಾಲ್ವರೂ, ಮುಳುಗಿದರೆ ನಾಲ್ವರೂ

ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ಮಾತು. ಜಮಖಂಡಿಯಲ್ಲಿ ಪಿಯುಸಿ ಓದುವ ನನ್ನ ಮಗಳು ಪವಿತ್ರಾ ಗೆಳತಿಯ ಮನೆಯಿಂದ ದೊಡ್ಡದೊಂದು ಡಬ್ಬಿ ಹೊತ್ತುಕೊಂಡು ನಮ್ಮೂರು ಬನಹಟ್ಟಿಗೆ ಬಂದಳು. ಒಳಗೆ ಆಟದ ಹಾಸು, ಗೊಂಬೆಗಳು, ಕಾರ್ಡುಗಳು, ಒಂದು ಮರಳಿನ ಗಡಿಯಾರ. ಯಾವುದೋ ಹಳೆಯ ಮಾಯಾಲೋಕದ ಇಂಗ್ಲಿಷ್ ಸಿನಿಮಾದ ಮೇಲೆ ಮಾಡಿದ ಆಟವಂತೆ. ನಾಲ್ವರು ಸೇರಿ ಮಾಟಗಾತಿಯ ಕೋಟೆಯಿಂದ ದೀಪ ತರಬೇಕು. ಹಿಂದಿನಿಂದ ಮಂಜು ಒಂದೊಂದೇ ಚೌಕ ನುಂಗುತ್ತ ಬರುತ್ತದೆ.

"ಇದರಾಗ ನಮ್ಮ ನಮ್ಮೊಳಗ ಜಗಳಿಲ್ಲವ್ವಾ. ಗೆದ್ರ ನಾಕೂ ಮಂದಿ, ಮುಳುಗಿದ್ರ ನಾಕೂ ಮಂದಿ" ಅಂದಳು.

ನನ್ನ ತಲೆಗೆ ಇದು ಹೋಗಲೇ ಇಲ್ಲ. ಚೌಕಾಬಾರದಲ್ಲಿ ಗಂಡನ ಕಾಯಿ ಹೊಡೆದರೇನೇ ನನಗೆ ಅವತ್ತು ರೊಟ್ಟಿ ಸೇರುವುದು! ಮೊದಲ ದಿನ ಒಳ್ಳೆಯ ಕಾರ್ಡನ್ನೆಲ್ಲ ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕುಳಿತೆ. ಮಂಜು ಬಂದು ಎಲ್ಲರನ್ನೂ ನುಂಗಿತು. "ನಿನ್ನ ಕಾಲಾಗ ನಾವೆಲ್ಲಾ ಸತ್ವಿ ನೋಡ!" ಎಂದು ಮಗಳು ಹಣೆ ಬಡಿದುಕೊಂಡಳು.

ವಾರದಲ್ಲೇ ಅವಳ ಕಾಲೇಜಿನವರು ಅದೇ ಆಟದ ಸ್ಪರ್ಧೆ ಇಟ್ಟರು. ಒಂದೇ ಮನೆಯ ನಾಲ್ವರು ಬರಬೇಕು, ಒಬ್ಬರಿಗಾದರೂ ಅರವತ್ತು ದಾಟಿರಬೇಕು. ನಮ್ಮ ಮನೆಯಲ್ಲಿ ಅರವತ್ತು ದಾಟಿದವರು ಅತ್ತೆ ನೀಲವ್ವ ಒಬ್ಬರೇ. ನಲವತ್ತು ವರ್ಷ ಪವರ್ ಲೂಮ್ ಮಗ್ಗಗಳ ಶೆಡ್ಡಿನಲ್ಲಿ ದುಡಿದು ಅವರ ಕಿವಿ ಹೋಗಿತ್ತು. ಎರಡು ವರ್ಷದ ಹಿಂದೆ ತೇರದಾಳದಲ್ಲಿ ಒಂದು ಮದುವೆಗೆ ಹೋಗಿ ಬಂದವರು, ಆಮೇಲೆ ನಾಲ್ಕು ಜನ ಸೇರುವ ಕಡೆ ಕಾಲಿಟ್ಟಿರಲಿಲ್ಲ. ಮನೆಗೆ ಯಾರಾದರೂ ಬಂದರೂ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಕಿವಿ ಹೋದವರು ಹೀಗೇ ಎಂದು ನಾವೂ ಸುಮ್ಮನಿದ್ದೆವು.

"ಈ ಕಿವುಡಿನ್ನ ಕರಕೊಂಡು ಹೋಗಿ ನಾಕ್ ಮಂದ್ಯಾಗ ನಗಸಾಕ ಹೊಂಟೀಯೇನ?" ಎಂದರು ಅತ್ತೆ. ಪವಿತ್ರಾ ಬಿಡಬೇಕಲ್ಲ! ಮೂರು ದಿನ ಕಾಡಿ ಬೇಡಿ ಒಪ್ಪಿಸಿದಳು. ನನಗೆ ಮಾತ್ರ ಒಳಗೊಳಗೇ ಅಂಜಿಕೆ. ಅಲ್ಲಿ ಯಾರಾದರೂ ನಕ್ಕರೆ ಈ ಜೀವ ಮತ್ತೆ ಹೊಸ್ತಿಲು ದಾಟುವುದಿಲ್ಲ.

ಆದದ್ದೂ ಹಾಗೇ. ಸ್ಪರ್ಧೆಯ ದಿನ ನಾನು, ಗಂಡ, ಪವಿತ್ರಾ, ಅತ್ತೆ ಕಾಲೇಜಿಗೆ ಹೋಗಿ ಒಂದು ಮೇಜಿಗೆ ಕುಳಿತೆವು. ಬಾಯಿಗೆ ಮೈಕು ಒತ್ತಿಕೊಂಡು ಒಬ್ಬ ಹುಡುಗ ನಿಯಮ ಹೇಳುತ್ತಿದ್ದ. ಅತ್ತೆ, "ಏನಂತಾನ ಅಂವಾ?" ಎಂದು ಗಟ್ಟಿಯಾಗಿ ಕೇಳಿಬಿಟ್ಟರು. ಪಕ್ಕದ ಮೇಜಿನ ಹುಡುಗಿಯರು ಕಿಸಕ್ಕೆಂದರು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಪವಿತ್ರಾ ಅವರ ಕೈ ಹಿಡಿದು, "ಆಯೀ, ಒಂದ ಆಟ. ನನ್ನ ಸಲುವಾಗಿ" ಎಂದಳು. ಕುಳಿತರು.

ಆಟ ಶುರುವಾಯಿತು ನೋಡಿ! ದೀಪವೇನೋ ಸಿಕ್ಕಿತು, ಮಂಜು ಬೆನ್ನಿಗೇ ಬಂತು. ಕೊನೆಗೆ ಉಳಿದದ್ದು ಮುರಿದ ಸೇತುವೆ. ನಮ್ಮ ನಮ್ಮ ಕೈಯಲ್ಲಿ ಹಲಗೆಯ ಕಾರ್ಡುಗಳು, ಒಂದರಿಂದ ಐವತ್ತರೊಳಗಿನ ಯಾವ ಯಾವುದೋ ಅಂಕಿ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಡಬೇಕು. ಕಾರ್ಡು ತೋರಿಸುವಂತಿಲ್ಲ, ಬಾಯಿ ಬಿಡುವಂತಿಲ್ಲ. ಕೈಸನ್ನೆ ಮಾಡಬಹುದು, ಅದೂ ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ದೀಪ ಹಿಡಿದಿದ್ದೇವೆಂಬ ಲೆಕ್ಕ. ಮರಳು ಇಳಿಯುವುದರೊಳಗೆ ಮುಗಿಸಬೇಕು.

ಉಳಿದ ಮೇಜುಗಳಲ್ಲಿ ಒಂದೇ ಗೊಂದಲ. ಮುಧೋಳದಿಂದ ಬಂದಿದ್ದ ಗಂಡ ಹೆಂಡತಿ ಮೂವತ್ತೇಳನ್ನು ಒಂದು ಕೈಯಲ್ಲಿ ತೋರಿಸಲು ಹೋಗಿ ಕಣ್ಣಲ್ಲೇ ಜಗಳಕ್ಕೆ ಬಿದ್ದರು.

ಅತ್ತೆ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಮುಷ್ಟಿ ಎರಡು ಸಲ ಬಿಗಿದು ಮೂರು ಬೆರಳು ಎತ್ತಿದರು. ಇಪ್ಪತ್ಮೂರು! ನಮ್ಮ ಶೆಡ್ಡಿನ ಸನ್ನೆ ಅದು. ಒಂದು ಕೈ ಮಗ್ಗದ ಮೇಲಿರುತ್ತದೆ, ಸಪ್ಪಳದಲ್ಲಿ ಕೂಗಿದರೆ ಕೇಳುವುದಿಲ್ಲ. ಹನ್ನೆರಡನೇ ಮಗ್ಗದ ಎಳೆ ಕಡಿದಿದ್ದರೆ ಆ ಮೂಲೆಯಿಂದ ಈ ಮೂಲೆಗೆ ಹೇಳುವುದು ಹೀಗೆಯೇ. ನನ್ನ ಗಂಡ ಅಲ್ಲೇ ಬೆಳೆದವರು, ನಾನು ಮದುವೆಯಾಗಿ ಬಂದು ಕಲಿತೆ, ಪವಿತ್ರಾ ಶೆಡ್ಡಿನ ತೊಟ್ಟಿಲಲ್ಲೇ ಮಲಗಿದವಳು. ನಾಲ್ವರ ಕೈಗಳೂ ಪಟಪಟ ಓಡಿದವು. ನಾನು ಅವಸರ ಮಾಡಿ ಮೂವತ್ತು ಇಡಲು ಹೋದರೆ ಅತ್ತೆ ಅಂಗೈ ಚಾಚಿದರು. ನಿಲ್ಲು! ಅವರ ಬಳಿ ಇಪ್ಪತ್ತೊಂಬತ್ತು ಇತ್ತು. ಅಯ್ಯೋ ನನ್ನ ಶಿವನೇ, ಇನ್ನೊಂದು ಚಣ ತಡವಾಗಿದ್ದರೆ ಮುಳುಗಿರುತ್ತಿದ್ದೆವು!

ಮರಳು ಇನ್ನೂ ಚಿಟಿಕೆಯಷ್ಟಿತ್ತು. ಸೇತುವೆ ಮುಗಿದಿತ್ತು. ಎಂಟು ಮೇಜುಗಳಲ್ಲಿ ದಾಟಿದವರು ನಾವೊಬ್ಬರೇ! ನಾನು ಕುರ್ಚಿ ಬೀಳಿಸಿಕೊಂಡು ಎದ್ದು ಕುಣಿದೆ. ಕಿಸಕ್ಕೆಂದಿದ್ದ ಹುಡುಗಿಯರೇ ಬಂದು, "ಅಜ್ಜೀ, ನಮಗೂ ಕಲಿಸ್ರೀ" ಎಂದು ಅತ್ತೆಯನ್ನು ಮುತ್ತಿಕೊಂಡರು. ಅರ್ಧ ತಾಸು ಅತ್ತೆ ಅಲ್ಲಿಂದ ಏಳಲಿಲ್ಲ.

ಬಸ್ಸಿನಲ್ಲಿ ಅತ್ತೆಯ ಪಕ್ಕ ಕುಳಿತೆ. ನಾಡಿದ್ದು ಬೀಳಗಿಯ ನೆಂಟರಲ್ಲಿ ಸೀಮಂತವಿತ್ತು. ಆ ಖುಷಿಯಲ್ಲೇ ಅವರ ಕಿವಿಗೆ ಬಾಯಿಟ್ಟು, "ಅತ್ತೀ, ನಾಡದ ಬೀಳಗಿ ಕುಬಸಕ್ಕ ನೀವೂ ಬರಬೇಕ್ರೀ!" ಎಂದು ಕೂಗಿದೆ. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ಒದರಬ್ಯಾಡವಾ" ಎಂದರು ಅತ್ತೆ ಮೆತ್ತಗೆ. "ಎದುರ ಕುಂತು ಮಾತಾಡು, ತುಟಿ ನೋಡಿದ್ರ ನನಗ ತಿಳಿತೈತಿ. ಮಗ್ಗದಾಗ ಹಂಗ ಮಾತಾಡಿದವರು ನಾವು. ತೇರದಾಳದ ಮದುವ್ಯಾಗ ನೀ ನನ್ನ ಮಗಗ ಅಂದಿದ್ದೂ ತಿಳಿದಿತ್ತು."

ಆ ದಿನ ಅತ್ತೆ ಯಾರ ಮಾತಿಗೋ ಏನೋ ಉತ್ತರ ಕೊಟ್ಟು ಜನ ನಕ್ಕಿದ್ದರು. ನಾನು ಮಂಟಪದ ಆಚೆ ತುದಿಯಲ್ಲಿ ನಿಂತು ಗಂಡನಿಗೆ ಪಿಸುಗುಟ್ಟಿದ್ದೆ: "ಈ ಕಿವುಡಿನ್ನ ಯಾಕ ಕರಕೊಂಡ ಬಂದ್ರಿ? ಇದ್ದ ಮಾನ ಹೋತು." ಅವರಿಗೆಲ್ಲಿ ಕೇಳಬೇಕು ಎಂಬ ಧೈರ್ಯ. ಎರಡು ವರ್ಷ ಅವರನ್ನು ಮನೆಯಲ್ಲಿ ಕೂರಿಸಿದ್ದು ಕಿವಿಯಲ್ಲ, ನಾನು.

"ತಪ್ಪಾತ್ರೀ ಅತ್ತೀ" ಎನ್ನಲು ಹೋದೆ. ದನಿಯೇ ಹೊರಡಲಿಲ್ಲ, ತುಟಿ ಮಾತ್ರ ಅಲುಗಿತು. ಅತ್ತೆ ನೋಡಿದರು. ನನ್ನ ಕೈ ತಟ್ಟಿ, "ಇರ್ಲಿ ಬಿಡ. ಕುಬಸಕ್ಕ ಯಾವ ಸೀರಿ ಉಡ್ಲಿ?" ಎಂದರು.

ಆಟ ಗೆದ್ದ ಕಥೆಯನ್ನು ಅವತ್ತಿನಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಬಸ್ಸಿನ ಈ ಮಾತನ್ನು ಮಾತ್ರ ಇವತ್ತೇ ಮೊದಲು ಹೇಳುತ್ತಿರುವುದು.