ದಿಂಬಿನ ಕೆಳಗಿನ ಅಂಗಿ

ಬೀದಿಯವರೆಲ್ಲ ಅವನನ್ನು ಇಸ್ತ್ರಿಯಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ತಳ್ಳುಗಾಡಿ ನಿಲ್ಲಿಸಿಕೊಂಡು ಇದ್ದಿಲಿನ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಜಾಗದಲ್ಲೇ ಅವನೂ ನಿಂತು ದೊಡ್ಡವನಾದ. ಯಾರ ಮನೆಯ ಬಟ್ಟೆ ಎಂದು ಮುಟ್ಟಿದರೆ ಸಾಕು, ಹೇಳಿಬಿಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಸರಿಯಾಗಿ ಉಣ್ಣದೆ ಸೊರಗತೊಡಗಿದಳು. ಪರದೇಶದ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕಿದ್ದ ತಂಗಿ ಹಟ ಹಿಡಿದು ಅಮ್ಮನನ್ನೂ ಅಣ್ಣ ಅತ್ತಿಗೆಯನ್ನೂ ತನ್ನಲ್ಲಿಗೆ ಕರೆಸಿಕೊಂಡಳು.

ತಂಗಿ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಅಲ್ಲಿ ಫೋನು ಮುಟ್ಟುವಂತಿರಲಿಲ್ಲ. ಹಾಗಾಗಿ ಹಾಲು, ತರಕಾರಿ, ಔಷಧ ಎಲ್ಲವನ್ನೂ ತರುವುದು ಇಸ್ತ್ರಿಯಣ್ಣನ ಪಾಲಿಗೆ ಬಂತು. ಆ ಊರಿನ ಮಾತು ಅವನಿಗೆ ಒಂದಕ್ಷರವೂ ಬಾರದು. ಕೈ, ಹುಬ್ಬು, ಭುಜ ಎಲ್ಲವನ್ನೂ ಕುಣಿಸಿ ಹೇಗೋ ಸಂಭಾಳಿಸುತ್ತಿದ್ದ. ಒಮ್ಮೆ ಅಮ್ಮನ ಮಂಡಿನೋವಿಗೆ ಎಣ್ಣೆ ಬೇಕೆಂದು ಔಷಧದಂಗಡಿಯಲ್ಲಿ ಕುಂಟಿ ತೋರಿಸಿದ. ಅಂಗಡಿಯವನು ಓಡಿ ಬಂದು ಕುರ್ಚಿ ಹಾಕಿ ಕೂರಿಸಿ, ನೀರು ಕುಡಿಸಿ, ಬಾಗಿಲ ತನಕ ಕೈ ಹಿಡಿದು ಕಳಿಸಿಕೊಟ್ಟ. ಎಣ್ಣೆ ಮಾತ್ರ ಸಿಗಲಿಲ್ಲ.

"ತಲೆನೋವಿನ ಮಾತ್ರೆ ತರೋಕೆ ನೀವು ಹೋಗ್ಬೇಡಿ ರೀ," ಎಂದಳು ಹೆಂಡತಿ. "ತಲೆ ಹಿಡ್ಕೊಂಡು ನಿಂತ್ರೆ ಬೋಳಿಸಿ ಕಳಿಸ್ತಾರೆ."

ಅದನ್ನು ಕೇಳಿ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು. ಅದನ್ನು ನೋಡಿ ಅವನಿಗೆ ಇನ್ನಷ್ಟು ಹುರುಪು ಬಂತು. ಯಾವ ಕೆಲಸವಿದ್ದರೂ ತಾನೇ ಮುಂದೆ ಬೀಳತೊಡಗಿದ.

ಒಂದು ದಿನ ತಂಗಿಯ ಮನೆಯ ಬಟ್ಟೆ ಒಗೆಯುವ ಯಂತ್ರ ಕೆಟ್ಟು ನಿಂತಿತು. ಕೆಳಗೆ ರಸ್ತೆಯಲ್ಲೇ ಒಂದು ಲಾಂಡ್ರಿ ಇತ್ತು. ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಅವನು ಕೊಳೆ ಬಟ್ಟೆಯನ್ನೆಲ್ಲ ತಂದು ಅವಳ ಹಾಸಿಗೆಯ ಮೇಲೆ ಸುರಿದ. ದಿಂಬನ್ನು ಆಚೆ ಎಸೆದು, ಮೇಲುಹಾಸಿನ ನಾಲ್ಕೂ ಮೂಲೆ ಎಳೆದು ಗಂಟು ಕಟ್ಟಿ ಹೆಗಲಿಗೇರಿಸಿದ. ಹುಟ್ಟಿದಾಗಿನಿಂದ ಮಾಡಿದ ಕೆಲಸ, ಕಣ್ಣು ಹಾಯಿಸುವ ಅಗತ್ಯವೇ ಇರಲಿಲ್ಲ. ದಿಂಬಿನ ಕೆಳಗೆ ಮುದುರಿಕೊಂಡಿದ್ದದ್ದೂ ಆ ಗಂಟಿನೊಳಗೆ ಸೇರಿಹೋಯಿತು.

ಲಾಂಡ್ರಿಯಲ್ಲಿ ಗಂಟು ಕೊಟ್ಟು ಮೇಲೆ ಬಂದರೆ ಅಮ್ಮ ಒದ್ದೆ ತಲೆಯಲ್ಲೇ ಬರಿಯ ಹಾಸಿಗೆಯ ಪಕ್ಕ ನಿಂತಿದ್ದಳು.

"ಇಲ್ಲಿದ್ದದ್ದು ಎಲ್ಲಿ ಹೋಯ್ತು?"

"ಏನಮ್ಮಾ ಇತ್ತು?"

ಹೆಂಡತಿ ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಮಾವ ಕೊನೇಲಿ ಹಾಕಿದ್ದ ಅಂಗಿ ರೀ. ಇವತ್ತಿನವರೆಗೂ ಒಗೆಯೋಕೆ ಬಿಟ್ಟಿಲ್ಲ. ಅದನ್ನ ಮೂಗಿಗೆ ಹಿಡೀದೆ ಅತ್ತೆಗೆ ನಿದ್ದೆ ಹತ್ತಲ್ಲ. ನಿಮಗೆ ಗೊತ್ತಾದ್ರೆ ನಾಚಿಕೆ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು."

ಅವನು ಬರಿಗಾಲಲ್ಲೇ ಕೆಳಗೆ ಓಡಿದ.

ಗಂಟು ಇನ್ನೂ ಬಿಚ್ಚಿರಲಿಲ್ಲ. ಗಾಜಿನ ತಡಿಕೆಯ ಆಚೆ ಹಾಗೇ ಕೂತಿತ್ತು. ಅವನು ಅದನ್ನು ತೋರಿಸಿದ, ಗಾಳಿಯಲ್ಲಿ ಅಂಗಿಯ ಆಕಾರ ಬರೆದ, ಎರಡೂ ಕೈ ಉಜ್ಜಿ, ಬೇಡ ಬೇಡ ಎಂದು ತಲೆಯಾಡಿಸಿದ. ಲಾಂಡ್ರಿಯಾಕೆ ದಪ್ಪ ಕನ್ನಡಕದ ಒಳ್ಳೆಯ ಹೆಂಗಸು. ಗಂಟು ಬಿಚ್ಚಿ ಒಂದೊಂದೇ ಬಟ್ಟೆ ಎತ್ತಿ ತೋರಿಸುತ್ತ ಬಂದಳು. ಅಂಗಿ ಕಾಣಿಸಿತು. ಕಾಲರಿನಲ್ಲಿ ಇದ್ದಿಲ ಮಸಿ, ಕಂಕುಳಲ್ಲಿ ಬೆವರಿನ ಹಳದಿ.

"ಅದೇ ತಾಯಿ, ಅದೇ!" ಎಂದು ಅವನು ಕೈ ಮುಗಿದ. ಕಣ್ಣಲ್ಲಿ ನೀರು ಬಂದಿತ್ತು.

ಆಕೆ ಕಲೆ ನೋಡಿದಳು, ಅವನ ಕಣ್ಣು ನೋಡಿದಳು. ಪಾಪ, ಎಲ್ಲಿಗೋ ಹಾಕಿಕೊಂಡು ಹೋಗಲು ಅವಸರ ಎಂದುಕೊಂಡಳೋ ಏನೋ. ಎಲ್ಲವನ್ನೂ ಬದಿಗಿಟ್ಟು ಆ ಅಂಗಿಯೊಂದನ್ನೇ ಚಿಕ್ಕ ಯಂತ್ರಕ್ಕೆ ಹಾಕಿ ಗುಂಡಿ ಒತ್ತಿಬಿಟ್ಟಳು. ಅವನು ಕೌಂಟರಿನ ಕಟ್ಟೆ ದಾಟಿ ಒಳಗೆ ನುಗ್ಗುವಷ್ಟರಲ್ಲಿ ನೀರು ಏರಿತ್ತು. ಬಾಗಿಲು ಎಳೆದ, ಬಡಿದ. ಅದು ತೆರೆಯಲಿಲ್ಲ. ಆಕೆ ಬೆನ್ನು ತಟ್ಟಿ ಕುರ್ಚಿ ತೋರಿಸಿದಳು.

ಅವನು ಬಂದು ಕೇಳದೇ ಇದ್ದಿದ್ದರೆ ಅಂಗಿ ಇನ್ನೂ ಗಂಟಿನೊಳಗೇ ಇರುತ್ತಿತ್ತು. ಕುರ್ಚಿಯಲ್ಲಿ ಕೂತು ಅದನ್ನೇ ಯೋಚಿಸುತ್ತ, ಗಾಜಿನ ಹಿಂದೆ ಅಪ್ಪನ ತೋಳುಗಳು ನೊರೆಯಲ್ಲಿ ಸುತ್ತುವುದನ್ನು ನೋಡಿದ.

ಆಕೆ ಅದನ್ನು ಒಣಗಿಸಿ, ಗರಿಗರಿಯಾಗಿ ಇಸ್ತ್ರಿ ಹಾಕಿ ಕೊಟ್ಟಳು. ಕಾಲರು ಹೊಸದರಂತೆ ಬೆಳ್ಳಗಿತ್ತು.

ಅಮ್ಮ ಅದನ್ನು ಬಿಡಿಸಿ ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಮಡಿಸಿ ಅವನ ಕೈಗೇ ಕೊಟ್ಟಳು.

"ಇದು ನಮ್ದಲ್ಲ ಕಣೋ."

"ಅಮ್ಮಾ..."

"ಬದಲಾಗಿದೆ. ಯಾರದ್ದೋ ಕೊಟ್ಟು ಕಳಿಸಿದಾರೆ. ಇದೇ ಕೆಲಸ ಮಾಡೋನು, ಅಷ್ಟೂ ನೋಡ್ಕೊಂಡು ಬರಬಾರದಾ?"

ಕಾಲರಿನ ಒಳಗೆ ಅಪ್ಪ ತಾನೇ ಅಳಿಯದ ಮಸಿಯಲ್ಲಿ ಇಟ್ಟ ಎರಡು ಚುಕ್ಕಿ ಹಾಗೇ ಇದ್ದವು. ಗಿರಾಕಿಗಳ ಬಟ್ಟೆಯೊಂದಿಗೆ ಬೆರೆಯದಿರಲೆಂದು ಮನೆಯ ಬಟ್ಟೆಗೆ ಹಾಕುತ್ತಿದ್ದ ಗುರುತು. ಕಾಲರು ಮಗುಚಿ ತೋರಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನಿಗೆ ಕೈ ಬರಲಿಲ್ಲ.

"ಹೌದಮ್ಮಾ, ಬದಲಾಗಿರಬೇಕು. ನಾಳೆ ಹೋಗಿ ಕೇಳ್ತೀನಿ."

ಸಂಜೆ ತಂಗಿ, "ನನಗೆ ಮಾತು ಬರುತ್ತಲ್ಲ, ನಾನೇ ವಿಚಾರಿಸ್ತೀನಿ," ಎಂದು ಎದ್ದಾಗ ಅವಳನ್ನು ಕಣ್ಣಲ್ಲೇ ತಡೆದ.

ಮಾರನೆಯ ದಿನ ಅಮ್ಮ ಅವನಿಗಿಂತ ಮೊದಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಲಾಂಡ್ರಿಯಲ್ಲಿ ಯಾವ ಸನ್ನೆಗೂ ಹೋಗದೆ ನೇರವಾಗಿ ಮಾತಾಡಿದಳು.

"ನಮ್ಮನೆಯವರದ್ದು ತಾಯಿ. ಒಗೀದೇ ಇರೋ ಅಂಗಿ. ಇಲ್ಲೇ ಎಲ್ಲೋ ಇರುತ್ತೆ, ಹುಡುಕಿ ಕೊಡಿ."

ಲಾಂಡ್ರಿಯಾಕೆ ಅವನತ್ತ ನೋಡಿದಳು, ಅರ್ಥ ಹೇಳು ಎನ್ನುವಂತೆ. ಊರೆಲ್ಲ ಕುಣಿದಿದ್ದ ಅವನ ಕೈಗಳು ಅಂಗಿ ಹಿಡಿದು ಸುಮ್ಮನಿದ್ದವು. ಆಕೆ ಅಮ್ಮನ ಮುಖವನ್ನು ಇನ್ನೊಮ್ಮೆ ನೋಡಿ ಕಟ್ಟೆಯ ಹಲಗೆ ಎತ್ತಿ ಒಳಗೆ ಬಿಟ್ಟಳು.

ಸರಳಿನ ಉದ್ದಕ್ಕೂ ಅಂಗಿಗಳು ತೂಗುತ್ತಿದ್ದವು. ಅಮ್ಮ ಒಂದೊಂದರ ಕಾಲರನ್ನೂ ಮೂಗಿಗೆ ಹಿಡಿದು ನೋಡಿ ಬಿಡುತ್ತ ನಡೆದಳು. ಅವನು ಹೊರಗೇ ನಿಂತು ಆ ಎರಡು ಚುಕ್ಕಿಗಳ ಮೇಲೆ ಹೆಬ್ಬೆರಳು ಒತ್ತಿಕೊಂಡಿದ್ದ.

ಕೊನೆಯ ಅಂಗಿಯನ್ನೂ ಬಿಟ್ಟು ಅಮ್ಮ ತಿರುಗಿದಳು.

"ಒಳಗಡೆ ಇನ್ನೂ ಇದಾವೇನೋ, ಕೇಳಪ್ಪ," ಎಂದಳು.