ಅಜ್ಜಿಯ ಸೆರಗು, ನನ್ನ ಹೊಟ್ಟೆಕಿಚ್ಚು

ಹಿಂಡಲಗಾ ಕಡೆಯ ಒಂದು ವೃದ್ಧಾಶ್ರಮದಲ್ಲಿ ಹಿರಿಯರಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಕಾಲು ಮಡಿಸು, ಚಾಚು, ಎಬ್ಬಿಸಿ ನಿಲ್ಲಿಸು, ನಾಲ್ಕು ಹೆಜ್ಜೆ ನಡೆಸು. ನನ್ನ ಕೈಗೆ ಬಗ್ಗದವರೆಂದರೆ ಖಾನಾಪುರದ ಅಜ್ಜಿಯೊಬ್ಬರೇ. ಬಿದ್ದು ಮುರಿದ ಸೊಂಟದ ಮೂಳೆ ಕೂಡಿತ್ತು, ಡಾಕ್ಟರರೂ ನಡೆಸಿ ಎಂದಿದ್ದರು. ಆದರೆ ವಾಕರ್ ಹಿಡಿಸಿ ಎಬ್ಬಿಸಿದರೆ ಅರ್ಧ ಎದ್ದು, ಕೈಬಿಟ್ಟು, ಧಪ್ಪನೆ ಕೂತುಬಿಡುತ್ತಿದ್ದರು.

"ಆಗಂಗಿಲ್ಲ ಬಿಡ್ರಿ ಬಾಯಾರ."

ಮಳೆಗಾಲವಿಡೀ ಅವರ ಮೊಣಕಾಲು ನೀವಿದವಳು ನಾನು. ಅವರು ನಡೆದರೆ ನನ್ನ ಜೊತೆಗೇ ಮೊದಲು ನಡೆಯಬೇಕು ಎಂಬ ಹಟ ನನಗೆ.

ಆಗ ಕೆಲಸಕ್ಕೆ ಹೊಸಬಳೊಬ್ಬಳು ಸೇರಿದಳು. ಖಾನಾಪುರದವಳೇ. ಮನೆಯಲ್ಲಿ ಉರ್ದು, ಅಜ್ಜಿಯ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಒಟ್ಟಿನಲ್ಲಿ ಮಾತಿಗೆ ಬಿಡುವೇ ಇಲ್ಲ. ವಾರ ಕಳೆದಿರಲಿಲ್ಲ, ನಾನು ಚಹಾ ಕುಡಿದು ಪಡಸಾಲೆಗೆ ಬಂದರೆ ಅಜ್ಜಿ ಅವಳ ಪಕ್ಕದಲ್ಲಿ ನಡೆಯುತ್ತಿದ್ದಾರೆ! ಅಲ್ಲಿದ್ದ ಅಜ್ಜಂದಿರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೈಯೆಲ್ಲ ಉರಿಯುತ್ತಿತ್ತು.

"ಏನ್ ಮಂತ್ರಾ ಹಾಕಿದಿಯವಾ?" ಎಂದೆ, ನಗುತ್ತಲೇ.

"ಮಂತ್ರಾ ಎಲ್ಲೀದ್ರಿ ಅಕ್ಕಾ! ಸೆರಗಿಗೆ ಪಿನ್ ಹಾಕೇನಿ, ಅಷ್ಟ. ಗಂಡಸ್ರ ಮುಂದ ತಲಿ ಮ್ಯಾಲಿನ ಸೆರಗ ಜಾರಿದ್ರ ಅಜ್ಜಿ ವಾಕರ್ ಹಿಡೀತಾರೇನ್ರಿ? ಸೆರಗ ಹಿಡೀತಾರ."

ಖರೆ ಮಾತು. ನನ್ನ ಅವ್ವನೂ ಹಾಗೆ ಸೆರಗು ಹೊದ್ದವಳೇ. ನನಗೆ ಹೊಳೆಯಲಿಲ್ಲವಲ್ಲ ಎನ್ನುವುದಕ್ಕಿಂತ ಅವಳಿಗೆ ಹೊಳೆಯಿತಲ್ಲ ಎಂಬುದೇ ಹೆಚ್ಚು ಚುಚ್ಚಿತು. ಅಂದಿನಿಂದ ಅವಳು ಅಜ್ಜಿಗೆ 'ಪೋರಿ', ನಾನು ಅದೇ ಮರ್ಯಾದೆಯ 'ಬಾಯಾರ'. ದಿಂಬಿನಡಿಯ ಶೇಂಗಾ ಚಿಕ್ಕಿ ಅವಳಿಗೆ, ನನಗೆ ನಮಸ್ಕಾರ.

ಒಂದು ಬೆಳಿಗ್ಗೆ ಅವಳು ದಿನಾ ಬರುವ ರೈಲು ದಾರಿಯಲ್ಲಿ ದೇಸೂರಿನಲ್ಲೇ ನಿಂತಿದೆಯೆಂದು ಫೋನು ಬಂತು. ದೇವರೇ, ಅಲ್ಲೇ ನಿಂತಿರಲಿ ಎಂದುಕೊಂಡೆ. ಅವಸರವಸರವಾಗಿ ಅಜ್ಜಿಯ ತಲೆಗೆ ಸೆರಗು ಹೊದಿಸಿ ನಾನೇ ಪಿನ್ ಹಾಕಿದೆ.

"ಏಳ್ರಿ ಅಜ್ಜಿ."

ಎದ್ದರು. ನಡೆದರು. ಪಡಸಾಲೆ ದಾಟಿ ಮುಂಬಾಗಿಲಿನವರೆಗೂ ನಡೆದರು. ಅವಳ ಜೊತೆ ಅಷ್ಟು ದೂರ ಬಂದೇ ಇರಲಿಲ್ಲ. ಖುಷಿಗೆ ನನ್ನ ಕಣ್ಣು ತುಂಬಿತು.

"ಶಾಬ್ಬಾಸ್ ಅಜ್ಜಿ! ಇನ್ನ ಸಾಕು, ಕುಂದರ್ರಿ," ಎಂದು ಕುರ್ಚಿ ಎಳೆದೆ.

ಅಜ್ಜಿ ಕೂರಲಿಲ್ಲ. ಗೇಟಿನತ್ತಲೇ ನೋಡುತ್ತ ನಿಂತರು.

"ತಡೀರಿ ಬಾಯಾರ. ಪೋರಿ ಈಗ ಬರ್ತಾಳ. ನಾ ಇಲ್ಲೀತನಾ ಬಂದದ್ದು ಅಕಿ ನೋಡ್ಲಿ."