ತಳ ಕೊಳೆತ ಟೊಮೊಟೊ

ಬೆಳಿಗ್ಗೆ ಎದ್ದು ಮುಖ ತೊಳೆಯೋಕೆ ಮುಂಚೆ ನಾನು ಮಾಡೋ ಕೆಲಸ ಏನು ಗೊತ್ತಾ ನಿಮ್ಗೆ? ತಾರಸಿ ಮೇಲೆ ಕುಕ್ಕರುಗಾಲಲ್ಲಿ ಕೂತ್ಕೊಂಡು, ಗಿಡದಲ್ಲಿರೋ ಒಂದೊಂದು ಟೊಮೊಟೊ ಕಾಯಿನೂ ತೋರುಬೆರಳಲ್ಲಿ ಮೆಲ್ಲಗೆ ಎತ್ತಿ ಅದರ ತಳ ಸವರೋದು. ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಕಾಯಿ ಹಸಿರಾಗಿ ದುಂಡಗೆ ಚೆನ್ನಾಗೇ ಕಾಣ್ತದೆ. ರೋಗ ಇರೋದು ಅಡಿಯಲ್ಲಿ, ಹೂವು ಉದುರಿಹೋದ ಜಾಗದಲ್ಲಿ. ಮೊದ್ಲು ನೀರಲ್ಲಿ ನೆನೆದ ಹಂಗೆ ಒಂದು ಚುಕ್ಕೆ ಬತ್ತದೆ, ಆಮೇಲೆ ಅದು ಕಂದಾಯ್ತದೆ, ಕಪ್ಪಾಯ್ತದೆ, ಕಡೇಗೆ ಹಳೇ ಚಪ್ಪಲಿ ತೊಗಲಿನ ತರ ಗಟ್ಟಿಯಾಗಿ ಒಳಕ್ಕೆ ಗುಳಿ ಬಿದ್ಬುಡ್ತದೆ. ಅಂಥ ಕಾಯಿ ಹಣ್ಣಾಗೋದೇನೋ ಬೇಗ ಆಯ್ತದೆ, ಬಣ್ಣಾನೂ ಬತ್ತದೆ, ಆದ್ರೆ ತಿನ್ನೋಕಾಗಲಿ ಬೀಜಕ್ಕಾಗಲಿ ಮನಸು ಬರಲ್ಲ.

ನಾನು ಇರೋದು ಚನ್ನಪಟ್ಟಣದಲ್ಲಿ, ಅನ್ವರ್ ಭಾಯ್ ಅನ್ನೋರ ಮನೆ ಮಹಡಿ ಮೇಲಿನ ಒಂದೇ ರೂಮಲ್ಲಿ. ಕೆಳಗಡೆ ಅವ್ರು ರೇಷ್ಮೆ ನೂಲು ತೆಗೀತಾರೆ, ಗೂಡು ಬೇಯೋ ವಾಸನೆ ಮೆಟ್ಲು ಹತ್ಕೊಂಡು ನನ್ನ ದಿಂಬಿನ ತನಕ ಬತ್ತದೆ. ನಾನು ಹನ್ನೆರಡನೇ ವಯಸ್ಸಿಂದ ಬೊಂಬೆ ಕಾರ್ಖಾನೇಲಿ ಲೇತಿನ ಮೇಲೆ ಮರ ಕಡೆಯೋನು. ಮದ್ವೆ ಆಗ್ಲಿಲ್ಲ. ಯಾಕೆ ಆಗ್ಲಿಲ್ಲ ಅಂತ ಕೇಳೋರು ಈಗ ಯಾರೂ ಇಲ್ಲ, ಅದಕ್ಕೇ ಉತ್ರಾನೂ ಮರ್ತೋಗೈತೆ. ಶನಿವಾರ ಸಂಜೆ ಲೇತು ನಿಂತ್ರೆ ಮತ್ತೆ ಸೋಮವಾರ ಬೆಳಿಗ್ಗೆ ಕಾರ್ಖಾನೆ ಬಾಗ್ಲಲ್ಲಿ ಯಾರಾದ್ರೂ ಮಾತಾಡಿಸೋ ತನಕ ನನ್ನ ಗಂಟಲಿಗೆ ಕೆಲಸ ಇರಲ್ಲ. ಆ ಮೊದಲ್ನೇ ಮಾತು ಒಡೆದ ಕೊಳಲಿನ ತರ ಹೊರಗೆ ಬತ್ತದೆ, ನಾನು ಕೆಮ್ಮಿದ ಹಂಗೆ ಮಾಡಿ ಸರಿ ಮಾಡ್ಕೋತೀನಿ. ಅಂಥೋನಿಗೆ ಎರಡು ಗಿಡ ಅಂದ್ರೆ ಒಂದು ಸಂಸಾರ ಇದ್ದ ಹಂಗೇ, ನೀವು ನಕ್ಕರೂ ಪರವಾಗಿಲ್ಲ.

ಆದ್ರೆ ಈ ಗಿಡ ಸುಮ್ನೆ ಗಿಡ ಆಗಿರ್ಲಿಲ್ಲ. ನಮ್ಮಕ್ಕ ಕೆಂಪಮ್ಮನ್ನ ಕನಕಪುರದ ಆ ಕಡೆ ಉಯ್ಯಂಬಳ್ಳಿಗೆ ಕೊಟ್ಟವ್ರೆ. ನಮ್ಮವ್ವ ಬೇಗ ಹೋದ್ಲು, ನನ್ನ ಸಾಕಿದ್ದು ಅಕ್ಕನೇ. ಅವ್ವನ ಬಚ್ಚಲ ಹಿಂದಿದ್ದ ಟೊಮೊಟೊ ಬೀಜಾನ ಅಕ್ಕ ಗಂಡನ ಮನೆಗೆ ಸೆರಗಲ್ಲಿ ಕಟ್ಕೊಂಡು ಹೋದ್ಲು. ಅದು ಈಗಿನ ಅಂಗಡಿ ಹಣ್ಣಿನ ಹಂಗೆ ನುಣ್ಣಗೆ ಉದ್ದಕ್ಕೆ ಇರಲ್ಲ. ಚಪ್ಪಟೆ, ಕುಂಬಳಕಾಯಿ ತರ ಏಣು ಏಣು, ಸಿಪ್ಪೆ ತೆಳ್ಳಗೆ, ಹುಳಿ ಮಾತ್ರ ಎಂಥದು ಅಂದ್ರೆ ಒಂದು ಹಣ್ಣು ಹಾಕಿದ್ರೆ ಗೊಜ್ಜಿಗೆ ಹುಣಸೆಹಣ್ಣು ಬೇಕಾಗಲ್ಲ. ಪ್ರತಿ ವರ್ಷ ಗಿಡದ ಮೊದಲ್ನೇ ಒಳ್ಳೇ ಹಣ್ಣನ್ನ ಅಕ್ಕ ಯಾರಿಗೂ ಕೊಡ್ತಿರ್ಲಿಲ್ಲ. ಅದನ್ನ ಹಿಂಡಿ ಬೀಜಾನ ರಸದ ಸಮೇತ ತೆಂಗಿನ ಕರಟದಲ್ಲಿ ಮೂರು ದಿನ ಹುಳಿಯೋಕೆ ಬುಟ್ಟು, ನೊರೆ ಎದ್ದ ಮೇಲೆ ತೊಳೆದು, ಒಲೆ ಬೂದಿ ಬೆರೆಸಿ, ಹಳೇ ಸೀರೆ ಚೂರಿನ ಮೇಲೆ ತಟ್ಟಿ ಒಣಗಿಸೋಳು. ಆ ಚೂರಲ್ಲಿ ಅಂಗೈಯಷ್ಟು ಹರ್ದು ನಂಗೂ ಕಳಿಸೋಳು. ನಾನು ಒಡೆದ ಬಕೆಟ್ಟಲ್ಲಿ ಮಣ್ಣು ತುಂಬಿ ಹಾಕ್ತಿದ್ದೆ, ನಾಕು ಹಣ್ಣು ಬಿಡೋದು, ತಿಂತಿದ್ದೆ. ಅಷ್ಟೇ ಆಗಿತ್ತು ನಮ್ಮ ಪತ್ರ ವ್ಯವಹಾರ.

ನಾನು ಅಕ್ಷರ ಕಲ್ತಿದ್ದು ಮೂವತ್ಮೂರನೇ ವಯಸ್ಸಿಗೆ, ದೊಡ್ಡೋರಿಗೆ ಅಂತ ಸಂಜೆ ಹೊತ್ತು ನಡೆಸ್ತಿದ್ದ ಕ್ಲಾಸಲ್ಲಿ. ಎಸ್ಸೆಲ್ಸಿ ಪಾಸಾಗಿದ್ದು ನಲ್ವತ್ತೊಂದಕ್ಕೆ. ತಡವಾಗಿ ಓದು ಬಂದೋನಿಗೆ ಒಂದು ಕಾಯಿಲೆ ಬತ್ತದೆ ಕಣ್ರೀ, ಅಚ್ಚಾಗಿರೋದೆಲ್ಲ ನಿಜ ಅನ್ನಿಸ್ತದೆ, ಬಾಯಲ್ಲಿ ಹೇಳೋದೆಲ್ಲ ಒಸಿ ಕಮ್ಮಿ ಅನ್ನಿಸ್ತದೆ. ಒಂದು ವರ್ಷ ಉಯ್ಯಂಬಳ್ಳಿಗೆ ಹೋಗೋವಾಗ ಅಂಗಡಿಯಿಂದ ಹೈಬ್ರಿಡ್ ಬೀಜದ ಪೊಟ್ಟಣ ತಗೊಂಡೋದೆ. ಜಗಲಿ ಮೇಲೆ ಅಕ್ಕನ ನೆಂಟರೆಲ್ಲ ಕೂತಿದ್ರು. ಪೊಟ್ಟಣದ ಮೇಲಿದ್ದದ್ದನ್ನ ಗಟ್ಟಿಯಾಗಿ ಓದಿ ಹೇಳಿದೆ. ನಮ್ಮ ಬೀಜಕ್ಕೆ ಏನಾಗೈತ್ಲಾ ಅಂತ ಅಕ್ಕ ಕೇಳಿದ್ಲು. ಅದಕ್ಕೆ ನಾನು ಅಂದಿದ್ದು ಇದು:

“ಓದೋಕೆ ಬರ್ದೆ ಇರೋರಿಗೆ ಇದೆಲ್ಲ ತಿಳಿಯಲ್ಲ, ಬುಡಕ್ಕ.”

ಯಾರೋ ನಕ್ಕರು. ಅಕ್ಕ ನಗ್ಲಿಲ್ಲ, ಬಯ್ಯಲಿಲ್ಲ, ಎದ್ದು ಒಳಗೆ ಹೋಗಿ ನಂಗೆ ಮುದ್ದೆ ಬಡಿಸಿದ್ಲು. ಅವಳು ಸ್ಕೂಲಿಗೆ ಹೋಗ್ದೆ ಇದ್ದಿದ್ದು ಯಾಕೆ ಅಂದ್ರೆ ನನ್ನ ಸೊಂಟದ ಮೇಲೆ ಎತ್ಕೊಂಡು ತಿರುಗೋರು ಬೇರೆ ಯಾರೂ ಇರ್ಲಿಲ್ಲ. ಇದು ನಂಗೆ ಗೊತ್ತಿರ್ಲಿಲ್ಲ ಅಂತ ಹೇಳಿದ್ರೆ ಸುಳ್ಳಾಯ್ತದೆ. ಆ ವರ್ಷದಿಂದ ಸೀರೆ ಚೂರು ಬರೋದು ನಿಂತೋಯ್ತು. ನಾನೂ ಹೋಗೋದು ಬುಟ್ಟೆ. ಹೋಗೋಕೆ ಬಸ್ಸೇನೋ ಇತ್ತು, ಹೋಗಿ ಕೂತ್ಮೇಲೆ ಯಾವ ಮಾತಿಂದ ಶುರು ಮಾಡೋದು ಅಂತ ಗೊತ್ತಾಗ್ತಿರ್ಲಿಲ್ಲ.

ವಾಪಸ್ ತಂದು ನಾನೇ ಹಾಕಿದ ಪೊಟ್ಟಣದ ಬೀಜ ಮೊದಲ್ನೇ ವರ್ಷ ಮೋಸ ಮಾಡ್ಲಿಲ್ಲ, ಗೊಂಚಲು ಗೊಂಚಲು ಬಿಟ್ತು. ನಾನು ಅಕ್ಕನ ತರಾನೇ ಒಂದು ಹಣ್ಣು ಹಿಂಡಿ ಬೀಜ ಮಡಿಕ್ಕೊಂಡೆ. ಎರಡನೇ ವರ್ಷ ಒಂದು ಗಿಡದಲ್ಲಿ ಗೋಲಿ ಗಾತ್ರದ್ದು, ಇನ್ನೊಂದ್ರಲ್ಲಿ ಉದ್ದಂದು, ಮತ್ತೊಂದ್ರಲ್ಲಿ ಏನೂ ಇಲ್ಲ, ಒಂದರ ಮುಖ ಒಂದಕ್ಕಿಲ್ಲ. ಅಂಗಡಿಯವನ್ನ ಕೇಳಿದ್ರೆ, ಹೈಬ್ರಿಡ್ ಬೀಜ ಎತ್ತಿಟ್ರೆ ಹಂಗೇ ಆಗೋದು ಯಜಮಾನ್ರೇ, ವರ್ಷ ವರ್ಷ ಹೊಸದು ತಗೋಬೇಕು ಅಂದ. ಪೊಟ್ಟಣದ ಮೇಲೆ ಅದನ್ನ ನಾನು ಓದಿರ್ಲಿಲ್ಲ. ಬರ್ದಿತ್ತೋ ಇಲ್ವೋ, ಅದೂ ಗೊತ್ತಿಲ್ಲ.

ಮೂರನೇ ವರ್ಷ ತಡ್ಯೋಕಾಗ್ಲಿಲ್ಲ. ಸಾತನೂರಿಗೆ ಹೋಗಿ ಬಸ್ಸು ಬದಲಾಯ್ಸಿ, ಸೀರೆ, ಸ್ವೀಟು, ಎರಡು ಕೈ ತುಂಬ ಹಣ್ಣು ಹೊತ್ಕೊಂಡು ಹೋದೆ. ಅಕ್ಕ ಅದನ್ನೆಲ್ಲ ನೋಡಿ, ಯಾರ ಮನೆ ಬೀಗರೂಟ ಅಂತ ಕೇಳಿದ್ಲು. ಊಟ ಆದ್ಮೇಲೆ ಟೊಮೊಟೊ ಬೀಜ ಬೇಕಾಗಿತ್ತು ಅಂದೆ.

“ಕೇಳೋಕೆ ಮೂರು ವರ್ಷ ಬೇಕಾಯ್ತೇನ್ಲಾ ನಿಂಗೆ?”

ಅಷ್ಟಂದು ಸೊಸೆ ಕೈಲಿ ಅಟ್ಟದಿಂದ ಒಂದು ಗಂಟು ಇಳಿಸಿದ್ಲು. ಅವಳ ಮಂಡಿ ಬಗ್ಗದೆ ಎರಡು ವರ್ಷ ಆಗಿತ್ತಂತೆ, ಬಚ್ಚಲ ಹಿಂದೆ ಗಿಡ ಹಾಕೋದು ಬುಟ್ಟಿದ್ಲಂತೆ. ಸೊಸೆಗೆ ಅಂಗಡಿ ಹಣ್ಣೇ ಸಲೀಸು. ಇದ್ದಿದ್ದು ಅದೇ ಕಡೇ ಸೀರೆ ಚೂರು, ಅದ್ರ ಮೇಲೆ ಇಪ್ಪತ್ತೋ ಇಪ್ಪತ್ತೈದೋ ಬೀಜ. ಅರ್ಧ ಹರ್ಕೊಡು ಅಂದೆ. ಅಕ್ಕ ಪೂರ್ತಿ ಕೊಟ್ಲು. ಹೋದ್ರೆ ನಿನ್ನ ಕೈಯಲ್ಲೇ ಹೋಗ್ಲಿ ಬುಡು ಅಂದ್ಲು. ಅದನ್ನ ಪ್ರೀತಿಯಿಂದ ಅಂದ್ಲೋ ಚುಚ್ಚೋಕೆ ಅಂದ್ಲೋ, ವಾಪಸ್ ಬರೋವಾಗ ದಾರಿ ಉದ್ದಕ್ಕೂ ಯೋಚಿಸ್ದೆ. ತಿಳೀಲಿಲ್ಲ.

ಹಳೇ ಬೀಜ, ಮೂರು ಮೊಳೆತವು. ಒಂದನ್ನ ಅಳಿಲು ಮುರ್ದಾಕ್ತು. ಉಳಿದ ಎರಡು ಚೆನ್ನಾಗಿ ಎದ್ದವು. ಅನ್ವರ್ ಭಾಯ್ ಮೆಟ್ಲು ಹತ್ತಿ ಬಂದು, “ಕ್ಯಾ ಚಿಕ್ಕಣ್ಣ, ಮಗು ಸಾಕ್ದಂಗೆ ಸಾಕ್ತಾ ಇದ್ದೀರ, ಊಟ ಸರಿಯಾಗಿ ಹಾಕ್ಬೇಕಲ್ವಾ” ಅಂತ ಗೂಡಿಂದ ತೆಗೆದ ಹುಳ ಒಣಗಿಸಿ ಕುಟ್ಟಿದ್ದು ಒಂದು ಚೀಲ ಕೊಟ್ರು. ಹಿತ್ತಲ ಬಾಳೆಗೆ ಅವ್ರು ಹಾಕೋದು ಅದೇ. ನಾನು ಎರಡೆರಡು ಹಿಡಿ ಹಾಕ್ದೆ. ಎಲೆ ಕಡು ಹಸಿರಾಗಿ, ಕಾಂಡ ಹೆಬ್ಬೆಟ್ಟಿನಷ್ಟು ದಪ್ಪ ಆಯ್ತು. ಹೂವು ಬಂತು, ಕಾಯಿ ಕಚ್ತು. ಒಂದಿನ ಬೆಳಿಗ್ಗೆ ಒಂದು ಕಾಯಿ ಎತ್ತಿ ನೋಡಿದ್ರೆ, ತಳದಲ್ಲಿ ಆ ಚುಕ್ಕೆ.

ಅಂಗಡಿಯವನು ಹುಳದ ಔಷಧಿ ಕೊಟ್ಟ, ಹೊಡೆದೆ. ನಾಕು ಕಾಯಿ ಹೋಯ್ತು. ಫೋನಲ್ಲಿ ಒಂದೊಂದೇ ಅಕ್ಷರ ಒತ್ತಿ ಹುಡುಕಿದೆ. ಇದು ಹುಳಾನೂ ಅಲ್ಲ, ಅಂಟುರೋಗಾನೂ ಅಲ್ಲ, ಕಾಯಿ ತುದಿಗೆ ಸುಣ್ಣದ ಸತ್ವ ಮುಟ್ತಾ ಇಲ್ಲ ಅಂತಿತ್ತು. ಎಲೆಅಡಿಕೆ ಸುಣ್ಣ ನೀರಲ್ಲಿ ಕದಡಿ ತಿಳಿ ಹಾಕ್ದೆ, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕ್ದೆ. ಇನ್ನೂ ಮೂರು ಹೋಯ್ತು. ದಿನಾ ಬೆಳಿಗ್ಗೆ ಕೆಟ್ಟ ಕಾಯಿ ಕಿತ್ತು ತಾರಸಿ ಮೂಲೇಲಿ ಹಾಕೋವಾಗ, ನಮ್ಮವ್ವನ ಬಚ್ಚಲಿಂದ ಬಂದಿದ್ದು ನನ್ನ ಬಕೆಟ್ಟಲ್ಲಿ ಮುಗ್ದೋಯ್ತದೆ ಅನ್ನೋ ದಿಗಿಲು ಹತ್ಕೊಂಡ್ತು. ಅಕ್ಕನ್ನ ಕೇಳ್ಬೋದಿತ್ತು. ಆದ್ರೆ ಓದೋಕೆ ಬರ್ದೆ ಇರೋರಿಗೆ ತಿಳಿಯಲ್ಲ ಅಂದ ಬಾಯಲ್ಲೇ ಹೆಂಗೆ ಕೇಳೋದು? ಎರಡು ಗಿಡದಲ್ಲೂ ಸೇರಿ ಆರೇ ಕಾಯಿ ಉಳಿದಾಗ ಫೋನ್ ಮಾಡ್ದೆ. ಸೊಸೆ ಎತ್ತಿ ಅಕ್ಕನ ಕೈಗೆ ಕೊಟ್ಲು. ತಳ ಕೊಳೀತಾವೆ ಅಕ್ಕ ಅಂದೆ. ಅಕ್ಕ ಗೊಬ್ಬರ ಕೇಳ್ಲಿಲ್ಲ, ಔಷಧಿ ಕೇಳ್ಲಿಲ್ಲ. ನೀರು ಯಾವಾಗ ಹಾಕ್ತೀಯ ಅಂದ್ಲು.

ನಮ್ಮ ಬೀದಿಗೆ ನಲ್ಲಿ ನೀರು ಬರೋದು ನಾಕು ದಿನಕ್ಕೊಂದು ಸಲ. ಇಲ್ಲಿ ಎಲ್ರ ಮನೇಲೂ ಒಂದು ಅಭ್ಯಾಸ ಐತೆ. ನೀರು ಬಂದ ದಿನ ಡ್ರಮ್ಮಿನ ಹಳೇ ನೀರನ್ನ ಪೂರ್ತಿ ಗಿಡಕ್ಕೆ ಸುರಿದು, ಡ್ರಮ್ಮು ಉಜ್ಜಿ, ಹೊಸಾ ನೀರು ಹಿಡಿಯೋದು. ಆಮೇಲೆ ಮೂರು ದಿನ ಕುಡಿಯೋ ನೀರು ಅಂತ ಒಂದು ಚೆಂಬು ಎತ್ತೋಕೂ ಕೈ ಬರಲ್ಲ. ನಾನು ಮಾಡ್ತಿದ್ದಿದ್ದೂ ಅದೇ. ಅದನ್ನೂ, ಹುಳದ ಗೊಬ್ಬರ ಹಾಕಿದ್ದನ್ನೂ ಹೇಳ್ದೆ.

“ಮೂರು ದಿನ ಉಪಾಸ ಕೆಡವಿ ನಾಕ್ನೇ ದಿನ ಹೊಟ್ಟೆ ಬಿರಿಯ ಹಾಕುದ್ರೆ ಯಾವನಿಗ್ಲಾ ಅರಗ್ತದೆ? ದಿನಾ ಒಸಿ ಹಾಕು,” ಅಂದ್ಲು ಅಕ್ಕ. ಆಮೇಲೆ, ಆ ಹುಳದ ಗೊಬ್ಬರ ಬಾಳೆಗೆ ಸರಿ, ಇದಕ್ಕೆ ಕೊಬ್ಬು ಬತ್ತದೆ, ನಿಲ್ಸು ಅಂದ್ಲು.

ಫೋನಲ್ಲಿ ಓದಿದ್ದನ್ನ ಮತ್ತೆ ತೆಗೆದು ನೋಡ್ದೆ. ಸುಣ್ಣದ ಮಾತಿನ ಕೆಳಗೆ ಅದೇ ಇತ್ತು: ಸತ್ವ ಮಣ್ಣಲ್ಲಿದ್ರೂ ಅದನ್ನ ಕಾಯಿ ತನಕ ಹೊತ್ಕೊಂಡು ಹೋಗೋದು ನೀರು, ನೀರು ಬಿಟ್ಟು ಬಿಟ್ಟು ಬಂದ್ರೆ ಕಡೇ ತುದಿಗೆ ಮುಟ್ಟಲ್ಲ. ಮೊದಲ್ನೇ ಸಲ ಓದೋವಾಗ ನಾನು ಅಲ್ಲೀ ತನಕ ಹೋಗಿರ್ಲಿಲ್ಲ, ಸುಣ್ಣ ಅಂತ ಕಂಡ ತಕ್ಷಣ ಅಂಗಡಿಗೆ ಎದ್ದಿದ್ದೆ.

ಆವತ್ತಿಂದ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಎತ್ತಿಟ್ಟು ದಿನಾ ಎರಡು ಚೆಂಬು ಹಾಕೋಕೆ ಶುರು ಮಾಡ್ದೆ. ನನ್ನ ತಲೆಯಿಂದ ಒಂದೇ ಒಂದು ಸೇರಿಸ್ದೆ, ಕಾರ್ಖಾನೇಲಿ ಬಣ್ಣ ಹಾಕೋಕೆ ಮುಂಚೆ ಬೀಳೋ, ಬೊಂಬೆ ಕಡೆಯೋ ಆಲೆಮರದ ಬಿಳೀ ಹೊಟ್ಟು ತಂದು ಮಣ್ಣಿನ ಮೇಲೆ ಹಾಸ್ದೆ, ತೇವ ನಿಲ್ಲಲಿ ಅಂತ. ಕೆಲಸ ಇಲ್ದಿರೋ ಮನಸು ಗಿಡದ ಮುಂದೆ ಕೂತು ಏನೇನೋ ಲೆಕ್ಕ ಹಾಕ್ತದೆ. ಮೂರು ವರ್ಷ ಒಂದು ಮಾತಿಲ್ಲ, ಒಂದಿನ ಸೀರೆ, ಸ್ವೀಟು, ಹಣ್ಣಿನ ಚೀಲ. ಅಕ್ಕ ಅದನ್ನ ನೋಡಿ ಬೀಗರೂಟ ಅಂದಿದ್ದು ಯಾಕೆ ಅಂತ ಆಗ ಅರ್ಥ ಆಯ್ತು. ನಾನು ಮನುಷ್ಯರಿಗೂ ಡ್ರಮ್ಮಿನ ಹಳೇ ನೀರೇ ಸುರೀತಿದ್ದೆ.

ಉಳಿದಿದ್ದ ಆರರಲ್ಲಿ ಎರಡು ಹೋದವು, ಅವಕ್ಕೆ ಆಗ್ಲೇ ತಗುಲಿತ್ತು. ನಾಕು ನಿಂತವು. ಅದ್ರಲ್ಲಿ ದೊಡ್ಡದು ಹಣ್ಣಾದ ಭಾನುವಾರ ಅದನ್ನ ಟವಲಲ್ಲಿ ಸುತ್ತಿ, ಬೇರೆ ಏನೂ ತಗೊಳ್ದೆ, ಉಯ್ಯಂಬಳ್ಳಿಗೆ ಹೊರಟೆ. ಕಬ್ಬಾಳಮ್ಮನ ಬೆಟ್ಟ ಕಂಡಾಗ ಕೈ ಮುಗಿದೆ, ಬಾಯಲ್ಲಿ ಮಾತ್ರ ಅಕ್ಕನಿಗೆ ಹೇಳಬೇಕಾದ ಮಾತನ್ನೇ ಹೇಳ್ಕೊತಿದ್ದೆ.

ಅಕ್ಕ ಹಣ್ಣು ಇಸ್ಕೊಂಡು ಬೋರಲು ಮಾಡಿ ತಳ ಸವರಿದ್ಲು. ಕುಯ್ದು, ಬೀಜ ರಸ ಎಲ್ಲ ಕರಟಕ್ಕೆ ಹಿಂಡಿ, ಉಳಿದಿದ್ದನ್ನ ಮೆಣಸಿನಕಾಯಿ ಜೊತೆ ಹುರಿದು ಗೊಜ್ಜು ಮಾಡಿದ್ಲು. ತಟ್ಟೆ ಮುಂದೆ ಕೂತೆ. ಈಗ್ಲಾದ್ರೂ ಹೇಳ್ಬುಡಾನ ಅಂತ, “ಅಕ್ಕ, ಆವತ್ತು ಜಗಲಿ ಮೇಲೆ ನಾನು...” ಅಂದೆ.

“ಗೊಜ್ಜಿಗೆ ಉಪ್ಪು ಸಾಕಾ ನೋಡ್ಲಾ,” ಅಂದ್ಲು.

ಸಾಕು ಅಂದೆ. ಹುಳಿ ಎಂಥದು ಅಂದ್ರೆ ಕಣ್ಣಲ್ಲಿ ನೀರು ಬಂತು, ಹುಳಿಗೇ ಬಂದಿದ್ದು ಅಂತ ಅವಳೂ ಅಂದ್ಕೊಂಡ್ಲು, ನಾನೂ ಹಂಗೇ ಇರ್ಲಿ ಅಂತ ಬುಟ್ಟೆ. ಹೊರಡೋವಾಗ ಕರಟಕ್ಕೆ ಬಾಳೆಎಲೆ ಮುಚ್ಚಿ ನಾರಲ್ಲಿ ಕಟ್ಟಿ ನನ್ನ ಕೈಗಿಟ್ಲು. ಇಲ್ಲೇ ಮಡಗಕ್ಕ ಅಂದ್ರೆ ಕೇಳ್ಲಿಲ್ಲ. ಮೂರು ದಿನ ಬುಟ್ಟು ತೊಳಿ, ನಾಕ್ನೇ ದಿನಕ್ಕೆ ಬುಟ್ರೆ ಕೊಳೆತೋಯ್ತದೆ, ಒಣಗಿದ್ಮೇಲೆ ನಂಗೊಂದು ಚೂರು ತಂದ್ಕೊಡು, ಸೊಸೆ ಕೈಲಿ ಹಾಕಿಸ್ತೀನಿ ಅಂದ್ಲು.

ಬಸ್ಸಲ್ಲಿ ಎರಡು ಕೈಯಲ್ಲೂ ಕರಟ ಹಿಡಿದು ನಿಂತಿದ್ದೆ, ಕಂಬಿ ಹಿಡಿಯೋಕೆ ಕೈ ಇರ್ಲಿಲ್ಲ. ಒಬ್ಬಮ್ಮ ನೋಡಿ ಪಕ್ಕಕ್ಕೆ ಸರಿದು, ಕೂತ್ಕೊಳಣ್ಣ, ಚೆಲ್ಲೀಯ, ಏನದು ಪ್ರಸಾದವಾ ಅಂತ ಕೇಳಿದ್ಲು. ನಮ್ಮಕ್ಕ ಕೊಟ್ಟ ಬೀಜ ಅಂದೆ. ಅಷ್ಟು ಸಾಕಿತ್ತು. ಆದ್ರೆ ನಾನು ನಿಲ್ಲಿಸ್ಲಿಲ್ಲ. ಅವ್ವನ ಬಚ್ಚಲು, ಹೈಬ್ರಿಡ್ ಪೊಟ್ಟಣ, ಹುಳದ ಗೊಬ್ಬರ, ತಳದ ಚುಕ್ಕೆ, ನಲ್ಲಿ ನೀರು, ಎಲ್ಲಾನೂ ಸಾತನೂರು ಬರೋ ತನಕ ಅವಳ ಮೇಲೆ ಸುರಿದೆ. ಆಯಮ್ಮ ಹೂಂ ಹೂಂ ಅಂತ ಕೇಳ್ಕೊಂಡು, ಸಾತನೂರಲ್ಲಿ ಬುಟ್ಟಿ ಎತ್ಕೊಂಡು ಇಳಿದೋದ್ಲು. ಅವಳು ಜನದಲ್ಲಿ ಮರೆಯಾದ ಮೇಲೆ ಗೊತ್ತಾಯ್ತು, ಯಾವೂರು, ಏನ್ ಹೆಸರು ಅಂತ ನಾನು ಒಂದು ಮಾತೂ ಕೇಳಿರ್ಲಿಲ್ಲ. ಚನ್ನಪಟ್ಟಣದ ಬಸ್ಸು ಖಾಲಿ ಇತ್ತು. ಕರಟಾನ ತೊಡೆ ಮೇಲಿಟ್ಕೊಂಡು ಕಿಟಕಿ ಕಡೆ ಸರಿದು ಕೂತೆ, ಪಕ್ಕದಲ್ಲಿ ಒಬ್ರು ಕೂರೋವಷ್ಟು ಜಾಗ ಬುಟ್ಟು.